ಪೋಸ್ಟ್‌ಮಾಸ್ಟರ್ ಕೇಳಿದ್ದು ಬಾಕಿ ಹಣ

ಸಂಪಾದಕರಿಗೆ,

ಮಾನ್ಯರೇ,

ಹಿಂದಿನ ಕಾಲದ ಅಮೆರಿಕದಲ್ಲಿ ಟಪಾಲು ದರೋಡೆಕೋರರನ್ನು ಹಿಡಿದುಕೊಟ್ಟ ಮಾಜಿ ಪೋಸ್ಟ್‌ಮಾಸ್ಟರೊಬ್ಬರು ಆ ಬಾಬ್ತು ತಮಗೆ ಸರ್ಕಾರದಿಂದ ಹಣ ಸಲ್ಲಬೇಕೆಂದು ಹಕ್ಕು ಮಂಡಿಸಿದ ಪ್ರಸಂಗವನ್ನು ಕುರಿತು ತಮ್ಮ ಪುರವಣಿಯಲ್ಲಿ ಬಂದ ಬರಹವನ್ನೂ, ಅದಕ್ಕೆ ಪ್ರತಿಕ್ರಿಯೆಯಾಗಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಸರ್ಕಾರದ ಸಂಬಳ ಉಂಡವನು ಸರ್ಕಾರದ ಟಪಾಲನ್ನು ಕಾಯ್ದದ್ದಕ್ಕೆ ಮತ್ತೆ ಇನಾಮು ಕೇಳುವುದು ದುರಾಸೆಯೆಂದೂ, ಅದನ್ನೂ ಕುರ್ಚಿ ಬಿಟ್ಟ ಮೇಲೆ ಕೇಳಿದ್ದು ಇನ್ನಷ್ಟು ಅನುಮಾನಕ್ಕೆ ಎಡೆ ಮಾಡುತ್ತದೆಂದೂ ಆ ಓದುಗರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅರಗು, ಸುತಲಿ, ಚೀಲಗಳ ನಡುವೆಯೇ ಕಳೆದ ನನಗೆ ಆ ತೀರ್ಪು ಸರಿಯೆನಿಸಲಿಲ್ಲ. ಬೇಸರವಾದದ್ದಕ್ಕಿಂತ ಹೆಚ್ಚಾಗಿ, ಅದರ ಹಿಂದಿರುವ ತಿಳಿವಳಿಕೆಯೇ ತಪ್ಪೆಂದು ತೋರಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಆ ಕಾಲದ ಅಮೆರಿಕದ ಪೋಸ್ಟ್‌ಮಾಸ್ಟರ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವಂತಹ ಇಲಾಖಾ ನೌಕರನಲ್ಲ. ಹಳ್ಳಿ ಮತ್ತು ಸಣ್ಣ ಪೇಟೆಗಳಲ್ಲಿ ಆತ ಬಹುತೇಕ ಒಬ್ಬ ಅಂಗಡಿಕಾರ. ಹಿಟ್ಟು, ಮೊಳೆ, ಬಟ್ಟೆ ಮಾರುವ ಅಂಗಡಿಯ ಒಂದು ಮೂಲೆಯಲ್ಲಿ ಕಾಗದ ಇಡುವ ಗೂಡುಗಳಿದ್ದರೆ ಅದೇ ಪೋಸ್ಟ್ ಆಫೀಸು. 1864ರ ಕಾಯ್ದೆಯ ತನಕ ಪೋಸ್ಟ್‌ಮಾಸ್ಟರುಗಳ ಆದಾಯವು ಕಮಿಷನ್ ಲೆಕ್ಕದ್ದಾಗಿತ್ತು. ಆಮೇಲೆ ದರ್ಜೆಗಳನ್ನು ಮಾಡಿ ದೊಡ್ಡ ಕಚೇರಿಗಳಿಗೆ ಸಂಬಳ ಗೊತ್ತುಮಾಡಿದರೂ, ಕೊನೆಯ ದರ್ಜೆಯ ಸಾವಿರಾರು ಪೋಸ್ಟ್‌ಮಾಸ್ಟರುಗಳು ತಾವು ಎಷ್ಟು ಸ್ಟಾಂಪುಗಳ ಮೇಲೆ ಮೊಹರು ಒತ್ತಿದರು ಎಂಬ ಲೆಕ್ಕದ ಮೇಲೆಯೇ ಬಹುಕಾಲ ಹಣ ಪಡೆದರು. ಮೊಹರು ಒತ್ತಿದ್ದಕ್ಕೆ ಇಷ್ಟು ಸೆಂಟ್ ಎಂದು ಎಣಿಸಿ ಕೊಡುವ ಸರ್ಕಾರವು, ಆ ಸೆಂಟಿನೊಳಗೇ ಬಂದೂಕು ಹಿಡಿದವರನ್ನು ಬೆನ್ನಟ್ಟುವ ಕೂಲಿಯೂ ಅಡಕವಾಗಿದೆ ಎಂದು ಹೇಳಬಹುದೇ? ಹೇಳಬಹುದೆಂದರೆ, ಮಿಕ್ಕವರಿಗಿಂತ ಕಡಿಮೆ ಟಪಾಲು ಬರುವ ಊರಿನವನು ಕಳ್ಳನ ಬೆನ್ನಟ್ಟಿ ಕಡಿಮೆ ದೂರ ಓಡಿದರೆ ಸಾಕು ಎಂದೂ ಒಪ್ಪಬೇಕಾಗುತ್ತದೆ.

ಇನ್ನು ‘ಮಾಜಿ’ ಎಂಬ ಪದ. ಅಮೆರಿಕದಲ್ಲಿ ಪೋಸ್ಟ್‌ಮಾಸ್ಟರ್ ಹುದ್ದೆಯು ಗೆದ್ದ ಪಕ್ಷದವರು ತಮ್ಮವರಿಗೆ ಹಂಚುವ ಹುದ್ದೆಯಾಗಿತ್ತು. ಅಧ್ಯಕ್ಷರು ಬದಲಾದರೆ ಊರೂರಿನ ಪೋಸ್ಟ್‌ಮಾಸ್ಟರುಗಳೂ ಬದಲಾಗುತ್ತಿದ್ದರು. 1970ರಲ್ಲಿ ಅಂಚೆ ವ್ಯವಸ್ಥೆಯನ್ನು ಪುನರ್ರಚಿಸುವವರೆಗೂ ಈ ಪದ್ಧತಿಯ ನೆರಳು ಪೂರ್ತಿ ಹೋಗಲಿಲ್ಲ. ಆದ್ದರಿಂದ ಮಾಜಿ ಪೋಸ್ಟ್‌ಮಾಸ್ಟರ್ ಎಂದೊಡನೆ, ಏನೋ ತಪ್ಪು ಮಾಡಿ ಹೊರಹಾಕಿಸಿಕೊಂಡವನು ಎಂದು ಊಹಿಸಲು ಕಾರಣವಿಲ್ಲ; ಚುನಾವಣೆಯಲ್ಲಿ ತನ್ನ ಕಡೆಯವರು ಸೋತದ್ದೇ ಆತನ ಅಪರಾಧವಾಗಿರಬಹುದು. ಅದೂ ಅಲ್ಲದೆ ಸರ್ಕಾರದ ಮೇಲಿನ ಹಕ್ಕುಗಳು ಇತ್ಯರ್ಥವಾಗಲು ಅಲ್ಲಿ ಹಿಡಿಯುತ್ತಿದ್ದ ಕಾಲವನ್ನು ನೋಡಿದರೆ, ಅರ್ಜಿ ಹಾಕುವಾಗ ಪೋಸ್ಟ್‌ಮಾಸ್ಟರ್ ಆಗಿದ್ದವನು ಅದು ತೀರ್ಮಾನವಾಗುವಷ್ಟರಲ್ಲಿ ಮಾಜಿಯಾಗದೆ ಉಳಿದಿದ್ದರೇ ಆಶ್ಚರ್ಯಪಡಬೇಕು.

ಕಳ್ಳರನ್ನು ಹಿಡಿಯುವ ಕೆಲಸ ಯಾರದಾಗಿತ್ತು ಎಂಬುದು ಈ ವಾದದ ನಡುಗಂಬ. ನಮ್ಮ ಓದುಗರು ಇದನ್ನು ಪೋಸ್ಟ್‌ಮಾಸ್ಟರನ ತಲೆಗೆ ಕಟ್ಟಿದ್ದಕ್ಕೆ ನಮ್ಮ ಕಡೆಯ ಇತಿಹಾಸವೂ ಒಂದಿಷ್ಟು ಕಾರಣವಿರಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಆರಂಭವಾಯಿತೆಂದು ಹೇಳುವ ಮೈಸೂರು ಅಂಚೆಯು ಕಾಗದ ಸಾಗಿಸುವುದರ ಜೊತೆಗೆ ಸೀಮೆಯ ಆಗುಹೋಗುಗಳನ್ನು ಅರಮನೆಗೆ ಮುಟ್ಟಿಸುವ ಕಣ್ಣು-ಕಿವಿಯೂ ಆಗಿತ್ತು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೆ ಅದು ಪ್ರತ್ಯೇಕವಾಗಿಯೇ ನಡೆಯಿತು. ಅಮೆರಿಕದಲ್ಲಿ ಹಾಗಿರಲಿಲ್ಲ. ಟಪಾಲು ಕಳವು-ದರೋಡೆಗಳ ತನಿಖೆಗೆಂದೇ ಅಂಚೆ ಇಲಾಖೆಯು ವಿಶೇಷ ಏಜೆಂಟರನ್ನು ಇಟ್ಟುಕೊಂಡಿತ್ತು, 1830ರಲ್ಲಿ ಅದಕ್ಕಾಗಿ ಪ್ರತ್ಯೇಕ ಶಾಖೆಯನ್ನೇ ತೆರೆದಿತ್ತು, 1880ರಲ್ಲಿ ಆ ಏಜೆಂಟರಿಗೆ ಪೋಸ್ಟ್ ಆಫೀಸ್ ಇನ್‌ಸ್ಪೆಕ್ಟರ್ ಎಂಬ ಹೆಸರು ಬಂತು. ಬಂಧಿಸುವುದಕ್ಕೆ ಫೆಡರಲ್ ಮಾರ್ಷಲ್‌ಗಳೂ ಅವರ ಡೆಪ್ಯುಟಿಗಳೂ, ಕೌಂಟಿಯ ಷೆರೀಫರೂ ಇದ್ದರು. ಪೋಸ್ಟ್‌ಮಾಸ್ಟರನ ಪಾಲಿನ ಕೆಲಸ ಚೀಲ ಕಟ್ಟುವುದು, ಬಿಚ್ಚುವುದು, ಲೆಕ್ಕ ಇಡುವುದು, ದರೋಡೆಯಾದರೆ ಮೇಲಿನವರಿಗೆ ಕೂಡಲೇ ವರದಿ ಮಾಡುವುದು. ವರದಿ ಮಾಡಿ ಬಾಗಿಲು ಹಾಕಿಕೊಂಡು ಕುಳಿತಿದ್ದರೆ ಆತನ ಮೇಲೆ ಯಾರೂ ಕರ್ತವ್ಯಲೋಪದ ನೋಟಿಸು ಹೊರಡಿಸುತ್ತಿರಲಿಲ್ಲ. ಮಾಡದೆ ಬಿಟ್ಟರೆ ಶಿಕ್ಷೆಯಿಲ್ಲದ ಕೆಲಸವನ್ನು ಮಾಡಿದಾಗ ಮಾತ್ರ ಕರ್ತವ್ಯವೆಂದು ಕರೆಯುವುದು ಲೆಕ್ಕಕ್ಕೆ ಕೂಡುವ ಮಾತಲ್ಲ. ಈಗಿನ ನಮ್ಮ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು, ಅದಕ್ಕೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 43ನೇ ಕಲಮು, ತನ್ನ ಕಣ್ಣೆದುರಿಗೆ ಘೋರ ಅಪರಾಧ ಮಾಡಿದವನನ್ನು ಹಿಡಿಯಲು ಯಾವ ಖಾಸಗಿ ವ್ಯಕ್ತಿಗಾದರೂ ಅಧಿಕಾರ ಕೊಡುತ್ತದೆ. ಹಿಡಿಯಲೇಬೇಕು ಎಂದು ಹೇಳುವುದಿಲ್ಲ. ಪೋಸ್ಟ್‌ಮಾಸ್ಟರನೂ ಈ ವಿಷಯದಲ್ಲಿ ಖಾಸಗಿ ವ್ಯಕ್ತಿಯೇ.

ಹಿಡಿಯುವುದು ಎಂತಹ ಅಪಾಯದ ಕೆಲಸವೆಂಬುದನ್ನು ಆ ಕಾಲದ ಶಿಕ್ಷೆಗಳೇ ತಿಳಿಸುತ್ತವೆ. 1825ರ ಅಮೆರಿಕದ ಅಂಚೆ ಕಾಯ್ದೆಯ ಪ್ರಕಾರ ಟಪಾಲು ದರೋಡೆಗೆ ಐದರಿಂದ ಹತ್ತು ವರ್ಷ ಸೆರೆ. ಆಯುಧ ತೋರಿಸಿ ಟಪಾಲು ಒಯ್ಯುವವನ ಜೀವವನ್ನು ಅಪಾಯಕ್ಕೆ ಒಡ್ಡಿದ್ದರೆ, ಅಥವಾ ಎರಡನೆಯ ಸಲ ಸಿಕ್ಕಿಬಿದ್ದರೆ, ಮರಣದಂಡನೆ. 1829ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಟಪಾಲು ಗಾಡಿಯನ್ನು ದೋಚಿದ ಜೇಮ್ಸ್ ಪೋರ್ಟರ್‌ನನ್ನು 1830ರ ಜುಲೈ 2ರಂದು ಗಲ್ಲಿಗೇರಿಸಿದರು. ಅವನ ಜೊತೆಗಾರ ಜಾರ್ಜ್ ವಿಲ್ಸನ್‌ಗೆ ಅಧ್ಯಕ್ಷ ಜಾಕ್ಸನ್ ಕ್ಷಮಾದಾನ ಕೊಟ್ಟರೆ, ಆ ಪುಣ್ಯಾತ್ಮ ಅದರ ಲಾಭ ತನಗೆ ಬೇಡವೆಂದ; ಬೇಡವೆಂದವನಿಗೆ ಕ್ಷಮೆಯನ್ನು ಹೇರಬಹುದೇ ಎಂಬ ಪ್ರಶ್ನೆ 1833ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಹೇರಲಾಗದೆಂದು ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಹೇಳಿದರು. ಇದು ಬೇರೆಯೇ ಕಥೆಯಾದರೂ ಇಲ್ಲಿ ಹೇಳಿದ ಉದ್ದೇಶವಿಷ್ಟೆ: ಸಿಕ್ಕರೆ ನೇಣು ಎಂದು ಗೊತ್ತಿರುವವನು ಸಿಗದಿರಲು ಏನನ್ನಾದರೂ ಮಾಡುತ್ತಾನೆ. ಅಂಥವನ ದಾರಿಗೆ ಅಡ್ಡ ನಿಲ್ಲಲು ಜನ ಮುಂದೆ ಬರುವುದಿಲ್ಲವೆಂದು ಸರ್ಕಾರಕ್ಕೇ ಗೊತ್ತಿದ್ದುದರಿಂದ ಅದು ಬಹುಮಾನದ ಡಂಗುರ ಸಾರುತ್ತಿತ್ತು.

ಈ ಡಂಗುರದ ಪದ್ಧತಿ ಅಮೆರಿಕಕ್ಕೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಹೆದ್ದಾರಿ ಕಳ್ಳನನ್ನು ಹಿಡಿದು ಅಪರಾಧ ಸಾಬೀತುಮಾಡಿಸಿದವರಿಗೆ 1692ರ ಕಾಯ್ದೆಯ ಪ್ರಕಾರ 40 ಪೌಂಡ್ ಸಲ್ಲುತ್ತಿತ್ತು. ದೋಚಿದ್ದು ಟಪಾಲಾಗಿದ್ದರೆ, ಕಾಯ್ದೆಯ ಬಹುಮಾನದ ಮೇಲೆ ಇನ್ನೂ 200 ಪೌಂಡ್ ಕೊಡುವುದಾಗಿ ಹದಿನೆಂಟನೆಯ ಶತಮಾನದ ಅಂಚೆ ಇಲಾಖೆಯು ಪ್ರಕಟಣೆ ಹೊರಡಿಸುತ್ತಿತ್ತು. ಬ್ಯಾಂಕ್ ನೋಟನ್ನು ಕಳಿಸುವವರು ಅದನ್ನು ಎರಡು ತುಂಡು ಮಾಡಿ, ಮೊದಲ ತುಂಡು ತಲುಪಿತೆಂದು ಗೊತ್ತಾದ ಮೇಲೆ ಎರಡನೆಯದನ್ನು ಹಾಕಬೇಕೆಂದು ಇಲಾಖೆಯೇ ಬುದ್ಧಿ ಹೇಳುತ್ತಿದ್ದ ಕಾಲ ಅದು. 1784ರ ಆಗಸ್ಟ್‌ನಲ್ಲಿ ಬ್ರಿಸ್ಟಲ್-ಲಂಡನ್ ದಾರಿಯಲ್ಲಿ ಬಂದೂಕುಧಾರಿ ಕಾವಲುಗಾರನಿದ್ದ ಟಪಾಲು ಕೋಚು ಓಡಲು ಶುರುವಾದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆ ಕಾವಲುಗಾರನು ಕಳ್ಳನೊಡನೆ ಹೊಡೆದಾಡಿದ್ದಕ್ಕೆ ಬಹುಮಾನ ಕೇಳಿದ್ದರೆ ನಾನೂ ನಮ್ಮ ಓದುಗರ ಪಕ್ಷವನ್ನೇ ವಹಿಸುತ್ತಿದ್ದೆ, ಏಕೆಂದರೆ ಆತನನ್ನು ಗಾಡಿಯ ಹಿಂಬದಿಗೆ ಕೂರಿಸಿದ್ದೇ ಆ ಕೆಲಸಕ್ಕಾಗಿ.

ಬಹುಮಾನದ ಪದ್ಧತಿಯಲ್ಲಿ ಕೆಡುಕಿಲ್ಲವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಆ 40 ಪೌಂಡಿನ ಆಸೆಗೆ ಕಳ್ಳ ಹಿಡಿಯುವುದನ್ನೇ ಕಸುಬು ಮಾಡಿಕೊಂಡವರು ಹುಟ್ಟಿದರು. ಅವರಲ್ಲಿ ಪ್ರಸಿದ್ಧನಾದ ಜೊನಾಥನ್ ವೈಲ್ಡ್ ಕಳ್ಳರ ಗುಂಪನ್ನು ತಾನೇ ಸಾಕಿ, ತನಗೆ ಬೇಡವಾದವರನ್ನು ಹಿಡಿದುಕೊಟ್ಟು ಹಣ ಮಾಡಿ, ಕೊನೆಗೆ 1725ರಲ್ಲಿ ತಾನೇ ನೇಣಿಗೆ ಹೋದ. 1750ರ ದಶಕದಲ್ಲಿ ಮೆಕ್‌ಡೇನಿಯಲ್ ಎಂಬವನ ಗುಂಪು ಏನೂ ಅರಿಯದ ಹುಡುಗರನ್ನು ಪುಸಲಾಯಿಸಿ ತಮ್ಮವನೊಬ್ಬನನ್ನೇ ದೋಚುವಂತೆ ಮಾಡಿ, ಆ ಹುಡುಗರನ್ನು ಹಿಡಿದುಕೊಟ್ಟು ಬಹುಮಾನ ಹಂಚಿಕೊಳ್ಳುತ್ತಿತ್ತು. ‘ರಕ್ತದ ಹಣ’ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. 1818ರಲ್ಲಿ ಪಾರ್ಲಿಮೆಂಟೇ ಆ ಕಾಯ್ದೆಯ ಬಹುಮಾನಗಳನ್ನು ಕೈಬಿಟ್ಟಿತು. ಪೋಸ್ಟ್‌ಮಾಸ್ಟರನ ವಿಷಯದಲ್ಲಿ ಈ ಅನುಮಾನ ಇನ್ನೂ ಸಹಜ. ಯಾವ ದಿನ, ಯಾವ ಚೀಲದಲ್ಲಿ ಹಣ ಹೋಗುತ್ತದೆಂಬುದು ಮೊದಲು ಗೊತ್ತಾಗುವುದು ಅವನಿಗೇ. ದರೋಡೆಕೋರರ ಜೊತೆ ಶಾಮೀಲಾಗಿ, ಪಾಲು ಸರಿಬರದೆ ಅವರನ್ನೇ ಹಿಡಿದುಕೊಟ್ಟ ಎಂದು ಯಾರಾದರೂ ಕೇಳಿದರೆ ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ತನಿಖೆಯಲ್ಲಿ ಉತ್ತರ ಸಿಗಬೇಕಾದ ಪ್ರಶ್ನೆ. ‘ಬಂಧನವಾಗಿ ಅಪರಾಧ ಸಾಬೀತಾದರೆ ಮಾತ್ರ’ ಎಂಬ ಷರತ್ತನ್ನು ಬಹುಮಾನದ ಪ್ರಕಟಣೆಗಳಲ್ಲಿ ಸೇರಿಸುತ್ತಿದ್ದುದು ಇಂಥ ಮೋಸಕ್ಕೆ ಕಡಿವಾಣವಾಗಿಯೇ. ಷರತ್ತು ಪೂರೈಸಿದವನ ಮೇಲೆ ಬರೀ ಊಹೆಯ ಅನುಮಾನವನ್ನು ಹೊರಿಸಿ ಹಣ ತಡೆಹಿಡಿಯುವುದಕ್ಕೆ ಅದು ಆಧಾರವಾಗುವುದಿಲ್ಲ.

ಈಗ ಕಾನೂನಿನ ಮಾತು. ಇಂಥ ಕೆಲಸ ಮಾಡಿದವರಿಗೆ ಇಷ್ಟು ಕೊಡುತ್ತೇವೆ ಎಂದು ಗೋಡೆಗೆ ಹಚ್ಚಿದ ಚೀಟಿಯು ಊರಿಗೆಲ್ಲ ಮುಂದಿಟ್ಟ ಪ್ರಸ್ತಾಪ. ಅದನ್ನು ತಿಳಿದು ಕೆಲಸ ಮಾಡಿ ಮುಗಿಸುವುದೇ ಅದಕ್ಕೆ ಒಪ್ಪಿಗೆ. ನಮ್ಮ 1872ರ ಕರಾರು ಕಾಯ್ದೆಯ 8ನೇ ಕಲಮು ಹೇಳುವುದೂ ಇದನ್ನೇ. ಹಾಗಾಗಿ ಬಹುಮಾನ ಕೇಳುವವನು ದಯೆಯನ್ನು ಬೇಡುತ್ತಿಲ್ಲ, ಮಾತಿನ ಪ್ರಕಾರ ಬರಬೇಕಾದ ಬಾಕಿಯನ್ನು ಕೇಳುತ್ತಿದ್ದಾನೆ. ಅವನ ಹಕ್ಕು ನಿಲ್ಲುವುದೋ ಬೀಳುವುದೋ ತಾರೀಖುಗಳ ಮೇಲೆ: ಪ್ರಕಟಣೆ ಹೊರಟದ್ದು ಎಂದು, ಹಿಂತೆಗೆದುಕೊಂಡಿದ್ದರೆ ಎಂದು, ಕಳ್ಳ ಸಿಕ್ಕಿದ್ದು ಎಂದು, ಹಿಡಿದವನಿಗೆ ಪ್ರಕಟಣೆಯ ವಿಷಯ ತಿಳಿದದ್ದು ಎಂದು. ಆತ ಆಮೇಲೆ ಹುದ್ದೆಯಲ್ಲಿ ಉಳಿದನೇ ಬಿಟ್ಟನೇ ಎಂಬುದಕ್ಕೆ ಈ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ತಾರೀಖು ಎಷ್ಟು ನಿರ್ದಯವಾಗಿ ಕೆಲಸ ಮಾಡುತ್ತದೆಂಬುದಕ್ಕೆ ಅಮೆರಿಕದ್ದೇ ಒಂದು ಪ್ರಕರಣವಿದೆ. ಲಿಂಕನ್ನರ ಕೊಲೆಯ ಸಂಚಿನಲ್ಲಿ ಬೇಕಾಗಿದ್ದ ಜಾನ್ ಸರಾಟ್‌ನನ್ನು ಹಿಡಿದುಕೊಟ್ಟವರಿಗೆ 25,000 ಡಾಲರ್ ಕೊಡುವುದಾಗಿ ಯುದ್ಧ ಇಲಾಖೆಯು 1865ರ ಏಪ್ರಿಲ್ 20ರಂದು ಪ್ರಕಟಿಸಿತು. ಅದೇ ವರ್ಷ ನವೆಂಬರ್ 24ರಂದು ಅಧ್ಯಕ್ಷ ಜಾನ್ಸನ್ ಅದನ್ನು ಹಿಂತೆಗೆದುಕೊಂಡರು. ಮರುವರ್ಷ ರೋಮ್‌ನಲ್ಲಿ ಪೋಪರ ಸೈನ್ಯದಲ್ಲಿ ಅಡಗಿದ್ದ ಸರಾಟ್‌ನ ಗುರುತು ಹಿಡಿದು ಅಮೆರಿಕದ ಪ್ರತಿನಿಧಿಗೆ ಸುದ್ದಿ ಮುಟ್ಟಿಸಿದವನು ಸೇಂಟ್ ಮೇರಿ ಎಂಬವನು. ಬಹುಮಾನ ರದ್ದಾದದ್ದು ಅವನಿಗೆ ಗೊತ್ತೇ ಇರಲಿಲ್ಲ. ಸರ್ಕಾರ 10,000 ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಉಳಿದ 15,000ಕ್ಕಾಗಿ ಹೂಡಿದ ದಾವೆಯನ್ನು, ಆತ ತೀರಿಕೊಂಡ ಮೇಲೂ ಉಯಿಲಿನ ನಿರ್ವಾಹಕನಾದ ಷ್ಯೂಯಿ ಮುಂದುವರಿಸಿದ. 1875ರಲ್ಲಿ ಸುಪ್ರೀಂ ಕೋರ್ಟು, ಹೊರಡಿಸಿದ ರೀತಿಯಲ್ಲೇ ಪ್ರಕಟಣೆಯನ್ನು ಹಿಂತೆಗೆದುಕೊಂಡ ಮೇಲೆ ಅದು ಒಬ್ಬೊಬ್ಬರ ಕಿವಿಗೂ ಬೀಳಬೇಕಾಗಿಲ್ಲ ಎಂದು ಅವನ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ಕಟುವೆಂದು ನನಗೆ ಅನಿಸುತ್ತದೆ. ಆದರೂ ಗಮನಿಸಬೇಕಾದ ಸಂಗತಿಯಿದೆ: ಸತ್ತವನ ಪರವಾಗಿ ಕೇಳಿದ್ದೇ ತಪ್ಪು ಎಂದು ಕೋರ್ಟು ಹೇಳಲಿಲ್ಲ. ಸತ್ತವನಿಗೇ ಉಳಿದಿದ್ದ ಹಕ್ಕು ಬರೀ ಮಾಜಿಯಾದವನಿಗೆ ಹೋಗಿಬಿಡುವುದೇ?

ನಮ್ಮಲ್ಲಿ ಕಾನೂನು ಓದಿದವರೆಲ್ಲರಿಗೂ ಗೊತ್ತಿರುವ ಲಾಲ್‌ಮನ್ ಶುಕ್ಲ ಪ್ರಕರಣವೂ ತಾರೀಖಿನದೇ. ಮನೆ ಬಿಟ್ಟು ಹೋದ ಯಜಮಾನರ ಸೋದರನ ಮಗನನ್ನು ಹುಡುಕಲು ಅವರ ಮುನೀಮ, ಎಂದರೆ ಲೆಕ್ಕದ ಗುಮಾಸ್ತ, ಲಾಲ್‌ಮನ್‌ನನ್ನು ಕಾನ್ಪುರದಿಂದ ಹರಿದ್ವಾರದ ಕಡೆಗೆ ಕಳಿಸಿದರು. ಅವನು ಹೋದ ಮೇಲೆ, ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಯಜಮಾನರು ಕರಪತ್ರ ಹಂಚಿದರು. ಮುನೀಮ ಹುಡುಗನನ್ನು ಋಷಿಕೇಶದಲ್ಲಿ ಪತ್ತೆ ಮಾಡಿದ. ಆಮೇಲೆ ಕೆಲಸ ಕಳೆದುಕೊಂಡ. ಆಮೇಲೆ ದಾವೆ ಹೂಡಿದ. 1913ರಲ್ಲಿ ಅಲಹಾಬಾದ್ ಹೈಕೋರ್ಟು ಅದನ್ನು ತಳ್ಳಿಹಾಕಿತು. ಬಹುಮಾನದ ವಿಷಯ ತಿಳಿಯುವುದಕ್ಕೆ ಮೊದಲೇ, ಹುಡುಕುವುದಕ್ಕೆಂದೇ ಕಳಿಸಿದ್ದ ನೌಕರನಾಗಿ ಅವನು ಆ ಕೆಲಸ ಮಾಡಿದ್ದ. ನಮ್ಮ ಓದುಗರು ಪತ್ರದಲ್ಲಿ ಈ ಪ್ರಕರಣವನ್ನು ಹೆಸರಿಸದಿದ್ದರೂ ಅವರ ವಾದ ಇದೇ ಜಾಡಿನದು. ವ್ಯತ್ಯಾಸವೆಂದರೆ ಮುನೀಮನನ್ನು ಹುಡುಕಲು ಕಳಿಸಿದ್ದರು, ಪೋಸ್ಟ್‌ಮಾಸ್ಟರನನ್ನು ಯಾರೂ ಕಳಿಸಿರಲಿಲ್ಲ.

ಕಳ್ಳರನ್ನು ಹಿಡಿಯುವುದೇ ಕಸುಬಾದ ಅಧಿಕಾರಿಯ ವಿಷಯದಲ್ಲೂ ನ್ಯಾಯಾಲಯಗಳು ನಮ್ಮ ಓದುಗರಷ್ಟು ಬಿಗಿಯಾಗಿಲ್ಲ. 1840ರ ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ, ಮನೆಗಳ್ಳನ ಸುಳಿವು ಕೊಟ್ಟ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬನಿಗೆ 50 ಪೌಂಡಿನ ಬಹುಮಾನ ಕೊಡಲೊಲ್ಲದೆ, ಅದು ಅವನ ಕರ್ತವ್ಯವೇ ಆಗಿತ್ತೆಂದು ಪ್ರತಿವಾದಿ ಹೇಳಿದ. ಕಾನ್‌ಸ್ಟೇಬಲ್‌ಗೂ ಮಾಡಲೇಬೇಕೆಂಬ ಕಟ್ಟಿಲ್ಲದ ಸೇವೆಗಳಿರಬಹುದು ಎಂದು ಲಾರ್ಡ್ ಡೆನ್‌ಮನ್ ಆ ವಾದವನ್ನು ಒಪ್ಪಲಿಲ್ಲ. ಅಮೆರಿಕದಲ್ಲಂತೂ 1899ರ ಮ್ಯಾಥ್ಯೂಸ್ ಪ್ರಕರಣದಲ್ಲಿ ಪ್ರಶ್ನೆ ನೇರವಾಗಿಯೇ ಬಂತು. ಅಟಾರ್ನಿ ಜನರಲ್ ಅನುಮತಿಯಿಂದ ಸಾರಿದ 500 ಡಾಲರ್ ಬಹುಮಾನವನ್ನು ಆರೋಪಿಯನ್ನು ಹಿಡಿದ ಡೆಪ್ಯುಟಿ ಮಾರ್ಷಲ್‌ಗಳೇ ಕೇಳಿದರು. ಕಾನೂನು ಅನುಮತಿಸದ ಹೊರತು ಯಾವ ಸರ್ಕಾರಿ ಅಧಿಕಾರಿಗೂ ಸಂಬಳದ ಮೇಲೆ ಹೆಚ್ಚುವರಿ ಹಣ ಕೊಡಕೂಡದು ಎಂಬ ನಿಯಮವನ್ನು ಸರ್ಕಾರ ಮುಂದೊಡ್ಡಿತು. ಅಪರಾಧಗಳ ಪತ್ತೆಗೆಂದು ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ ಮಂಜೂರು ಮಾಡಿದ ಹಣದಿಂದ, ಅಧಿಕಾರವುಳ್ಳವರೇ ಸಾರಿದ ಬಹುಮಾನವೆಂದ ಮೇಲೆ ಕಾನೂನಿನ ಅನುಮತಿ ಇದ್ದಂತೆಯೇ ಆಯಿತು ಎಂದು ಸುಪ್ರೀಂ ಕೋರ್ಟು ಹಣ ಕೊಡಿಸಿತು. ಹಿಡಿಯುವುದಕ್ಕೇ ನೇಮಕವಾದ ಡೆಪ್ಯುಟಿ ಮಾರ್ಷಲ್‌ಗೆ ಸಂದದ್ದು ಮೊಹರು ಒತ್ತುವ ಪೋಸ್ಟ್‌ಮಾಸ್ಟರನಿಗೆ ಸಲ್ಲದೆಂದು ಹೇಳಲು ನನಗಂತೂ ದಾರಿ ಕಾಣುವುದಿಲ್ಲ.

ದಾರಿ ಎಂದಾಗ ಇನ್ನೊಂದು ಮಾತು. ಆತ ನೆಟ್ಟಗೆ ಕೋರ್ಟಿಗೆ ಹೋಗದೆ ಶಾಸನಸಭೆಗೆ ಅರ್ಜಿ ಹಾಕಿಕೊಳ್ಳುವುದನ್ನು ಕೆಲವರು ‘ವಶೀಲಿ’ ಎಂದು ತಿಳಿಯಬಹುದು. ಅಮೆರಿಕದಲ್ಲಿ ಸರ್ಕಾರದ ಮೇಲಿನ ಹಣದ ಹಕ್ಕನ್ನು ಕೇಳುವುದಕ್ಕೆಂದೇ ನ್ಯಾಯಾಲಯವೊಂದು ಹುಟ್ಟಿದ್ದು 1855ರಲ್ಲಿ. ಅದಕ್ಕೆ ಮೊದಲು ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿ, ತನ್ನೊಬ್ಬನ ಹೆಸರಿನಲ್ಲೇ ಒಂದು ಪರಿಹಾರ ಮಸೂದೆ ಪಾಸಾಗುವುದನ್ನು ಕಾಯಬೇಕಾಗಿತ್ತು. ಆ ನ್ಯಾಯಾಲಯ ಬಂದ ಮೇಲೂ ಅದರ ತೀರ್ಮಾನಗಳು ಮೊದಲಿಗೆ ಕಾಂಗ್ರೆಸ್ಸಿಗೆ ಶಿಫಾರಸುಗಳಾಗಿಯೇ ಹೋಗುತ್ತಿದ್ದವು. ಪ್ರಜೆಗಳ ನಡುವೆ ನ್ಯಾಯ ಮಾಡುವಷ್ಟೇ ಬೇಗನೆ ಸರ್ಕಾರವು ತನ್ನ ವಿರುದ್ಧವೂ ನ್ಯಾಯ ಮಾಡಬೇಕೆಂದು ಲಿಂಕನ್ 1861ರಲ್ಲಿ ಕಾಂಗ್ರೆಸ್ಸಿಗೆ ಹೇಳಿದರು, 1863ರಲ್ಲಿ ಅಂತಿಮ ತೀರ್ಪು ಕೊಡುವ ಅಧಿಕಾರ ಬಂತು. ಪೋಸ್ಟ್‌ಮಾಸ್ಟರುಗಳ ಮನವಿಗಳು ಕಾಂಗ್ರೆಸ್ಸಿನ ಮುಂದೆ ರಾಶಿ ಬೀಳಲು ಇನ್ನೊಂದು ಕಾರಣವೂ ಇತ್ತು. ಪ್ರತಿಯೊಬ್ಬ ಪೋಸ್ಟ್‌ಮಾಸ್ಟರನೂ ಜಾಮೀನು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಕಚೇರಿಗೆ ಕನ್ನ ಬಿದ್ದು ಸ್ಟಾಂಪು, ಹಣ ಹೋದರೆ ಅದನ್ನು ಆತನೇ ಕಟ್ಟಿಕೊಡಬೇಕಾಗಿತ್ತು. ಕನ್ನ, ಬೆಂಕಿಗಳಿಂದಾದ ಇಂಥ ನಷ್ಟವನ್ನು ಪರಿಶೀಲಿಸಿ ಮನ್ನಾ ಮಾಡುವ ಅಧಿಕಾರವನ್ನು ಪೋಸ್ಟ್‌ಮಾಸ್ಟರ್ ಜನರಲ್‌ಗೆ ಕೊಟ್ಟದ್ದು 1882ರ ಮಾರ್ಚ್‌ನ ಕಾಯ್ದೆ. ಕಳ್ಳ ಒಯ್ದದ್ದಕ್ಕೆ ಪೋಸ್ಟ್‌ಮಾಸ್ಟರ್ ತನ್ನ ಕಿಸೆಯಿಂದ ತೆರಬೇಕು. ಕಳ್ಳನನ್ನು ಹಿಡಿದರೆ ಮಾತ್ರ, ಅದು ಸಂಬಳದಲ್ಲೇ ಸೇರಿದೆ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪ್ರಕಟಣೆ ಹಚ್ಚಿದರೆ ಫಲ ಸಿಗುತ್ತದೆಯೇ ಎಂದು ಕೇಳುವವರಿಗೆ, ನಮ್ಮ ಕಸುಬಿನವರು ಮರೆಯಲಾಗದ ಒಂದು ಪ್ರಕರಣವನ್ನು ನೆನಪಿಸುತ್ತೇನೆ. 1923ರ ಅಕ್ಟೋಬರ್ 11ರಂದು ಆರೆಗಾನ್ ರಾಜ್ಯದ ಸಿಸ್ಕಿಯೂ ಬೆಟ್ಟದ ಸುರಂಗದ ಬಳಿ ಡಿ ಆಟ್ರಮಾಂಟ್ ಎಂಬ ಮೂವರು ಅಣ್ಣತಮ್ಮಂದಿರು ರೈಲು ನಿಲ್ಲಿಸಿ ಟಪಾಲು ಬೋಗಿಯನ್ನು ಡೈನಮೈಟ್ ಇಟ್ಟು ಸಿಡಿಸಿದರು. ಒಳಗಿದ್ದ ಅಂಚೆ ಗುಮಾಸ್ತನೂ, ರೈಲ್ವೆಯ ಮೂವರು ನೌಕರರೂ ಸತ್ತರು, ದರೋಡೆಕೋರರಿಗೆ ಒಂದು ಕಾಸೂ ದಕ್ಕಲಿಲ್ಲ. ಅಲ್ಲಿ ಬಿಟ್ಟುಹೋದ ಒಂದು ಮೇಲುಡುಪಿನ ಜೇಬಿನಲ್ಲಿ ಮುದುರಿ ಕೂತಿದ್ದ ರಿಜಿಸ್ಟರ್ಡ್ ಕಾಗದದ ರಸೀದಿಯೊಂದು ಅವರ ಹೆಸರನ್ನು ಹೊರಗೆಡಹಿತು. ಟಪಾಲು ದೋಚಿದವನನ್ನು ಟಪಾಲಿನ ರಸೀದಿಯೇ ಹಿಡಿದುಕೊಟ್ಟಿತೆಂದು ನಾವು ಸಾರ್ಟಿಂಗ್ ಮೇಜಿನ ಸುತ್ತ ಹೇಳಿಕೊಂಡು ಹೆಮ್ಮೆಪಟ್ಟದ್ದುಂಟು. ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ಆಳು ಸಿಗಲಿಲ್ಲ. ಒಟ್ಟು 15,900 ಡಾಲರ್ ಬಹುಮಾನದ, ಹಲವು ಭಾಷೆಗಳಲ್ಲಿ ಅಚ್ಚಾದ ಲಕ್ಷಾಂತರ ಭಿತ್ತಿಪತ್ರಗಳು ಲೋಕವೆಲ್ಲ ಸುತ್ತಿದವು. 1927ರಲ್ಲಿ, ಸೈನ್ಯಕ್ಕೆ ಸೇರಿ ಫಿಲಿಪೀನ್ಸ್‌ನಲ್ಲಿದ್ದ ಕಿರಿಯವನನ್ನು ಅಂಥ ಭಿತ್ತಿಪತ್ರ ನೋಡಿದ್ದ ಒಬ್ಬ ಸೈನಿಕ ಗುರುತಿಸಿದ; ಅವಳಿಗಳಾದ ಉಳಿದಿಬ್ಬರು ಕೆಲವು ತಿಂಗಳಲ್ಲೇ ಒಹಾಯೊದಲ್ಲಿ ಸಿಕ್ಕರು. ಆ ಸೈನಿಕನೂ ಸರ್ಕಾರದ ಸಂಬಳದವನೇ. ಜೊತೆಯ ಸಿಪಾಯಿಯ ಮುಖವನ್ನು ಟಪಾಲು ಇಲಾಖೆಯ ಭಿತ್ತಿಪತ್ರಕ್ಕೆ ಹೋಲಿಸಿ ನೋಡುವುದು ಸೈನಿಕನ ಕರ್ತವ್ಯಗಳಲ್ಲಿ ಒಂದೆಂದು ನಮ್ಮ ಓದುಗರೂ ವಾದಿಸಲಾರರು.

ನಮ್ಮ ದೇಶದಲ್ಲಿ ಇಂಥ ಹಕ್ಕುದಾರನ ಪಾಡು ಅಮೆರಿಕದವನಿಗಿಂತ ಕಷ್ಟ ಎಂಬುದನ್ನೂ ಒಪ್ಪುತ್ತೇನೆ. ಸಂವಿಧಾನದ 299ನೇ ವಿಧಿಯು ಸರ್ಕಾರದ ಕರಾರುಗಳು ಇಂಥದೇ ನಮೂನೆಯಲ್ಲಿ, ಅಧಿಕಾರವುಳ್ಳವರ ರುಜುವಿನಲ್ಲಿ ಇರಬೇಕೆನ್ನುತ್ತದೆ. ಗೋಡೆಯ ಮೇಲಿನ ಭಿತ್ತಿಪತ್ರ ಆ ಅಳತೆಗೆ ಹೊಂದುವುದು ಕಷ್ಟ. ಮಾಹಿತಿದಾರರಿಗೆ ಕೊಡುವ ಬಹುಮಾನವು ಸರ್ಕಾರದ ವಿವೇಚನೆಗೆ ಬಿಟ್ಟದ್ದು, ಹಕ್ಕಿನಿಂದ ಕೇಳುವಂಥದಲ್ಲ ಎಂದು ಸುಪ್ರೀಂ ಕೋರ್ಟು 2003ರಲ್ಲಿ ಕೃಷ್ಣಾರೆಡ್ಡಿ ಪ್ರಕರಣದಲ್ಲಿ ಹೇಳಿದೆ. ಆದರೂ ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಉಂಡವನು ಅದಕ್ಕೆ ತಕ್ಕದ್ದನ್ನು ಕೊಡಬೇಕೆನ್ನುವ ಕರಾರು ಕಾಯ್ದೆಯ 70ನೇ ಕಲಮು ಸರ್ಕಾರಕ್ಕೂ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ 1962ರಲ್ಲಿ, ಪಶ್ಚಿಮ ಬಂಗಾಳದ ಮೊಂಡಲ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಇನ್ನು, ಕರ್ತವ್ಯ ಮಾಡಿದವನಿಗೆ ಬಹುಮಾನ ಕೊಡುವುದೇ ಅನುಚಿತವೆಂದಾದರೆ, 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲೆ ತಮಿಳುನಾಡು ಸರ್ಕಾರವು ತನ್ನ ವಿಶೇಷ ಕಾರ್ಯಪಡೆಯವರಿಗೆ ತಲಾ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿದಾಗ ಅದನ್ನು ಯಾರೂ ದುರಾಸೆಯೆನ್ನಲಿಲ್ಲ. ಆ ಪಡೆಗೆ ಇದ್ದ ಕೆಲಸವಾದರೂ ಅದೊಂದೇ. ನಾನೂ ಆಗ ಸಂತೋಷಪಟ್ಟವನೇ.

ಕೊನೆಯದಾಗಿ, ನಾನೇ ಬಲ್ಲ ಒಬ್ಬ ಮಾಜಿ ಪೋಸ್ಟ್‌ಮಾಸ್ಟರರ ವಿಷಯವನ್ನು ಹೇಳಬೇಕು. ಅವರ ಹೆಸರನ್ನಾಗಲಿ, ಕಚೇರಿಯನ್ನಾಗಲಿ ಬರೆಯುವುದಿಲ್ಲ. 1980ರ ದಶಕದಲ್ಲಿ ಮಲೆನಾಡಿನ ಒಂದು ಸಬ್ ಆಫೀಸಿನಲ್ಲಿ ಅವರು ಸಬ್ ಪೋಸ್ಟ್‌ಮಾಸ್ಟರ್, ನಾನು ಅವರ ಕೈಕೆಳಗಿನ ಗುಮಾಸ್ತ. ಶಾಖಾ ಕಚೇರಿಗೆ ಮನಿಆರ್ಡರ್ ಬಟವಾಡೆಗೆಂದು ರನ್ನರ್ ಕೈಯಲ್ಲಿ ಕಳಿಸಿದ ನಗದು ಚೀಲವನ್ನು ಕಾಡುದಾರಿಯಲ್ಲಿ ಇಬ್ಬರು ಅಡ್ಡಗಟ್ಟಿ ಕಿತ್ತುಕೊಂಡರು. ಆ ದಾರಿಗೆ ಗೊತ್ತುಮಾಡಿದ್ದ ಲೈನ್ ಲಿಮಿಟ್ಟಿಗಿಂತ, ಎಂದರೆ ಒಂದು ಸಲಕ್ಕೆ ಕಳಿಸಬಹುದಾದ ನಗದಿನ ಮಿತಿಗಿಂತ, ಸ್ವಲ್ಪ ಹೆಚ್ಚು ಹಣವನ್ನು ಸಬ್ ಪೋಸ್ಟ್‌ಮಾಸ್ಟರರು ಅಂದು ಕಳಿಸಿದ್ದರು. ಗೌರಿ ಹಬ್ಬದ ಮುನ್ನಾದಿನ, ಮನಿಆರ್ಡರುಗಳು ಹೆಚ್ಚಿಗೆ ಬಂದಿದ್ದವು. ಅಜಾಗರೂಕತೆಯಿಂದ ನಷ್ಟಕ್ಕೆ ಅವಕಾಶ ಕೊಟ್ಟರೆಂದು ನೌಕರರ ಶಿಸ್ತಿನ ನಿಯಮಗಳಲ್ಲಿನ ನಿಯಮ 11ರ ಪ್ರಕಾರ ಅವರ ಸಂಬಳದಿಂದ ತಿಂಗಳಿಗೆ 150 ರೂಪಾಯಿಯಂತೆ ವಸೂಲಿ ಆರಂಭವಾಯಿತು. ಏಳು ಕಂತು ಹೋದ ಮೇಲೆ ಒಂದು ದಿನ ಸಂತೆಯಲ್ಲಿ ಅಡಿಕೆ ತುಂಬಿಕೊಂಡು ಬಂದಿದ್ದ ಒಂದು ಕ್ಯಾನ್ವಾಸ್ ಚೀಲ ಅವರ ಕಣ್ಣಿಗೆ ಬಿತ್ತು. ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿದ್ದರೂ, ತಳ ಹರಿದಾಗ ತಾವೇ ದಬ್ಬಳದಲ್ಲಿ ಹಾಕಿದ್ದ ಹೊಲಿಗೆಯನ್ನು ಅವರು ಗುರುತಿಸಿದರು. ಚೀಲದವನನ್ನು ಅಡಿಕೆ ದರದ ಮಾತಿನಲ್ಲಿ ಅರ್ಧ ಗಂಟೆ ನಿಲ್ಲಿಸಿಕೊಂಡು, ನನ್ನನ್ನು ಠಾಣೆಗೆ ಓಡಿಸಿದರು. ಒಬ್ಬನಿಂದ ಇನ್ನೊಬ್ಬನೂ ಸಿಕ್ಕ.

ಇಲಾಖೆಯಿಂದ ಅವರಿಗೊಂದು ಪ್ರಶಂಸಾ ಪತ್ರ ಬಂತು, ಎಂಟನೆಯ ಕಂತಿನ ವಸೂಲಿ ನಿಂತಿತು. ಮುಂಚಿನ ಏಳು ಕಂತುಗಳ ಮಾತನ್ನು ಯಾರೂ ಎತ್ತಲಿಲ್ಲ. ಅವರು ಬರೆದ ಅರ್ಜಿಗಳನ್ನು ಟೈಪ್ ಮಾಡಿದವನು ನಾನೇ ಆದ್ದರಿಂದ ಅವುಗಳ ಒಕ್ಕಣೆ ನೆನಪಿದೆ: ‘ನಾನು ಬಹುಮಾನವನ್ನು ಕೋರುತ್ತಿಲ್ಲ. ನಾನು ಹಿಡಿದುಕೊಟ್ಟ ಕಳ್ಳರ ಬಾಬ್ತು ನನ್ನಿಂದ ವಸೂಲಾದ 1,050 ರೂಪಾಯಿಗಳನ್ನು ಮಾತ್ರ ಕೋರುತ್ತಿದ್ದೇನೆ.’ ಮೂರನೆಯ ಅರ್ಜಿ ಹೋಗುವಷ್ಟರಲ್ಲಿ ಅವರು ನಿವೃತ್ತರಾಗಿದ್ದರು, ಹಾಗಾಗಿ ರುಜುವಿನ ಕೆಳಗೆ ‘ಮಾಜಿ’ ಎಂದು ಸೇರಿಸಬೇಕಾಯಿತು. ಹಣ ಮಂಜೂರಾಗಿ ಬಂದದ್ದು ಅದಾದ ಎರಡು ವರ್ಷಕ್ಕೆ, ಮನಿಆರ್ಡರ್ ಮೂಲಕ. ಅದನ್ನು ಅವರ ಊರಿಗೆ ಒಯ್ದವನು, ಅಂದು ಕಾಡುದಾರಿಯಲ್ಲಿ ಚೀಲ ಕಳೆದುಕೊಂಡಿದ್ದ ಅದೇ ರನ್ನರ್. ಫಾರಂನ ಸಂದೇಶದ ಜಾಗ ಖಾಲಿಯಿತ್ತಂತೆ. ಅವರು ರುಜು ಹಾಕಿ, ನೋಟುಗಳನ್ನು ಎರಡು ಸಲ ಎಣಿಸಿ, ರನ್ನರನನ್ನು ಊಟಕ್ಕೆ ನಿಲ್ಲಿಸಿಕೊಂಡರೆಂದು ಅವನೇ ನನಗೆ ಹೇಳಿದ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪೋಸ್ಟ್‌ಮಾಸ್ಟರ್,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ